ಅಪ್‌ಡೇಟ್: ಸಂದರ್ಶನಕ್ಕೂ ಮುಂಚೆ ಆಧಾರ್, ಪ್ಯಾನ್ ಕೇಳಿದರೆ?

ಕೆಲಸಕ್ಕೆ ಹಾಕುವ ಆನ್‌ಲೈನ್ ಅರ್ಜಿಯ ಜೊತೆಗೇ ಆಧಾರ್, ಪ್ಯಾನ್, ಕ್ಯಾನ್ಸಲ್ಡ್ ಚೆಕ್ ಕಳಿಸಬೇಕೇ ಎಂದು ಕೇಳಿದ್ದೆ. ಉತ್ತರ ಸಿಕ್ಕಿತು: ಬೇಡ. ಪ್ಯಾನ್ ಬೇಕಾಗುವುದು ಟಿಡಿಎಸ್‌ಗೆ (ಸಂಬಳದಲ್ಲೇ ಕಡಿತವಾಗುವ ತೆರಿಗೆ), ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಪಿಎಫ್‌ಗೆ, ಚೆಕ್ ಸಂಬಳಕ್ಕೆ. ಎಲ್ಲವೂ ಆಫರ್ ಲೆಟರ್ ಬಂದ ಮೇಲಿನ ಮಾತು.

ಗುರುತಿನ ಪುರಾವೆ ಬೇಕೇ ಬೇಕೆಂದರೆ ಮೈಆಧಾರ್ ಪೋರ್ಟಲ್‌ಗೆ ಓಟಿಪಿ ಹಾಕಿ ಲಾಗಿನ್ ಆಗಿ, ಡೌನ್‌ಲೋಡ್ ಮಾಡುವಾಗ ‘ಮಾಸ್ಕ್ಡ್ ಆಧಾರ್’ಗೆ ಟಿಕ್ ಹಾಕಿ. ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ಆದರೆ ವಿಳಾಸ, ಹುಟ್ಟಿದ ದಿನಾಂಕ ಹಾಗೇ ಇರುತ್ತವೆ, ಕ್ಯೂಆರ್ ಕೋಡ್‌ನಲ್ಲೂ! ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೂ ಸಾಲದು, ಅಡಿಯ ಅಕ್ಷರಗಳನ್ನು ಕಾಪಿ ಮಾಡಬಹುದು; ಮರೆಮಾಡಿದ ಪುಟವನ್ನು ಚಿತ್ರವಾಗಿಸಿ ಕಳಿಸಿ.

ರೆಸ್ಯೂಮೆಯಲ್ಲಿ ಊರಿನ ಹೆಸರು ಸಾಕು, ಮನೆ ನಂಬರ್ ಯಾಕೆ? ‘ನೋಂದಣಿ ಶುಲ್ಕ’ ಎಂದು ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.