ಮಗಳು ಸೌತ್ ಏಷ್ಯನ್ ಸ್ಟಡೀಸ್ ಓದ್ತೀನಿ ಅಂತಾಳೆ, ಯಾರಿಗಾದರೂ ಗೊತ್ತಾ?

ಇಳಕಲ್ ಮಗಳು, ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ರಜೆಗೆ ಬಾಗಲಕೋಟೆಗೆ ಬಂದಿದ್ದೇವೆ. ತವರುಮನೆಯಿಂದಲೇ ಬರೆಯುತ್ತಿದ್ದೇನೆ. ಮೂರು ರಾತ್ರಿಯಿಂದ ನಿದ್ದೆ ಸರಿಯಾಗಿಲ್ಲ.

ಮಗಳಿಗೆ ಹದಿನೇಳು. ಹುಟ್ಟಿದ್ದು, ಬೆಳೆದದ್ದು ಎಲ್ಲಾ ನ್ಯೂಜೆರ್ಸಿಯಲ್ಲೇ. ಮುಂದಿನ ವರ್ಷ ಕಾಲೇಜು. ಗಣಿತ ಚೆನ್ನಾಗಿ ಬರುತ್ತದೆ, ಕಂಪ್ಯೂಟರ್ ಸೈನ್ಸ್ ತಗೋತಾಳೆ ಅಂತ ನಾವಿಬ್ಬರೂ ಅಂದುಕೊಂಡಿದ್ದೆವು. ಹೋದ ವಾರ ಬಾದಾಮಿಗೆ ಹೋದೆವು. ಗುಹೆ ನೋಡಿ, ಕೆರೆ ದಂಡೆ ಹಿಡಿದು ಸುತ್ತಿ, ಕಪ್ಪೆ ಅರಭಟ್ಟನ ಶಾಸನ ಇರುವ ಬಂಡೆಯ ಹತ್ತಿರ ನಿಂತೆವು. ಅಪ್ಪಾಜಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನು ಇನ್ನೂ ಮರೆತಿಲ್ಲ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಅಂತ ಜೋರಾಗಿ ಹೇಳಿದರು. ಇವಳು ಬಂಡೆಯನ್ನೇ ನೋಡುತ್ತಾ, ‘ಅಜ್ಜಾ, ಇದರಲ್ಲಿ ಸಾಧು ಎಲ್ಲಿದೆ?’ ಅಂತ ಕೇಳಿದಳು. ಅಪ್ಪಾಜಿಗೆ ಬೆರಳಿಟ್ಟು ತೋರಿಸಲು ಆಗಲಿಲ್ಲ. ನನಗೂ ಆಗಲಿಲ್ಲ.

ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದಳು. ಮನೆಯಲ್ಲಿ ಅದನ್ನು ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಹಾಳೆಗೆ ಇಳಿಸಿದಳು. ಎರಡು ದಿನ ಹಿಡಿಯಿತು. ಆಮೇಲೆ ಅವ್ವನ ಮುಂದೆ ಕೂತು ಓದಿದಳು. ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಿ, ‘ಇದು ಮೂರು ಸಾಲಿನ ಪದ ಅಲ್ಲೇನ? ನಾವು ಬೀಸುವಾಗ ಹಾಡೋದೂ ಹಿಂಗೇ ಇರ್ತದ’ ಅಂದಳು. ಹೌದು, ಎರಡೂ ತ್ರಿಪದಿ. ಆ ಶಾಸನ ಸುಮಾರು 700ನೇ ಇಸವಿಯದು. ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಅವತ್ತಿನಿಂದ ಮಗಳದ್ದು ಒಂದೇ ಹಠ: ಸೌತ್ ಏಷ್ಯನ್ ಸ್ಟಡೀಸ್, ಅಂದರೆ ಭಾರತ ಮತ್ತು ಅಕ್ಕಪಕ್ಕದ ದೇಶಗಳ ಭಾಷೆ, ಸಾಹಿತ್ಯ, ಇತಿಹಾಸದ ಓದು. ಅವರ ಅಪ್ಪ ಫೋನಿನಲ್ಲಿ ‘ಅದನ್ನು ಓದಿ ಹೊಟ್ಟೆಗೇನು?’ ಅಂತಾರೆ. ನನಗೆ ಉತ್ತರ ಗೊತ್ತಿಲ್ಲ. ಯಾವ ಯೂನಿವರ್ಸಿಟಿ ಒಳ್ಳೇದು? ಕನ್ನಡ ಎಲ್ಲಿ ಕಲಿಸ್ತಾರೆ? ಖರ್ಚು ಎಷ್ಟು, ಕೆಲಸ ಏನು? ದಯವಿಟ್ಟು ತಿಳಿದವರು ಹೇಳಿ.

ಗೋಕಾಕದವ, ಡಲ್ಲಾಸ್:
ತಂಗೀ, ಮೊದಲು ಕಂಪ್ಯೂಟರ್ ಸೈನ್ಸ್. ಶಾಸನ ಎಲ್ಲೂ ಓಡಿಹೋಗೋದಿಲ್ಲ, 1300 ವರ್ಷ ಅಲ್ಲೇ ಇದೆ. ನನ್ನ ಮಗನೂ ಸಂಗೀತ ಅಂತ ಹಠ ಮಾಡಿದ್ದ. ಈಗ ಒಳ್ಳೆ ಕೆಲಸದಲ್ಲಿದ್ದಾನೆ, ಮನೆ ತಗೊಂಡಿದ್ದಾನೆ. ವಾರಕ್ಕೊಮ್ಮೆ ತಬಲಾ ಬಾರಿಸ್ತಾನೆ.

ಬೆಳಗಾವಿ ಟಿಳಕವಾಡಿ, ಚಿಕಾಗೋ:
ಈ ವಿಷಯ ಬಂದರೆ ನಾನು ಸುಮ್ನೆ ಇರಲಾರೆ. ನಾನು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿದವನು. ಕವಿ ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಅಲ್ಲೇ ಇಂಗ್ಲಿಷ್ ಪಾಠ ಮಾಡಿದರು. ನಮ್ಮ ಕಡೆಯ ಅಜ್ಜಿಯರು ಹೇಳಿದ ಕಥೆಗಳನ್ನು ಬರೆದುಕೊಂಡರು. 1959ರಲ್ಲಿ ಅಮೆರಿಕಕ್ಕೆ ಬಂದು, ಮುಂದೆ ಚಿಕಾಗೋ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ತೀರಿಹೋಗುವ ತನಕ ಕಲಿಸಿದರು. ಬಸವಣ್ಣ, ಅಕ್ಕಮಹಾದೇವಿಯ ವಚನಗಳನ್ನು ಇಂಗ್ಲಿಷಿಗೆ ತಂದವರು ಅವರು. ಇಲ್ಲಿನ ಎಷ್ಟೋ ಜನ ಬಸವಣ್ಣನ ಹೆಸರು ಮೊದಲು ಕೇಳಿದ್ದು ಅವರಿಂದಲೇ. ನಿಮ್ಮ ಮಗಳಿಗೆ ಇದನ್ನು ಹೇಳಿ. ಬೆಳಗಾವಿ ನೀರು ಕುಡಿದವರು ಚಿಕಾಗೋದಲ್ಲಿ ಕನ್ನಡ ಬೆಳಗಿಸಿದ್ದಾರೆ.

ಮೈಸೂರಿನವಳು, ಬೆಳಗಾವಿ ಸೊಸೆ, ಟೊರಾಂಟೊ:
ಅವರು ಹುಟ್ಟಿದ್ದು ಮೈಸೂರಿನಲ್ಲಿ ಅಣ್ಣಾ.

ಬೈಲಹೊಂಗಲ, ಮ್ಯಾಡಿಸನ್:
ಅಕ್ಕಾ, ನಾನು ಒಂದು ಯೂನಿವರ್ಸಿಟಿ ಲೈಬ್ರರಿಯಲ್ಲಿ ಭಾರತದ ಪುಸ್ತಕಗಳ ವಿಭಾಗ ನೋಡಿಕೊಳ್ಳುತ್ತೇನೆ. ಒಂದೊಂದಾಗಿ ಹೇಳುತ್ತೇನೆ.

ಅಮೆರಿಕದಲ್ಲಿ ಈ ಓದಿಗೆ ಹಳೆಯ ಜಾಗಗಳು ಪೆನ್ಸಿಲ್ವೇನಿಯಾ, ಚಿಕಾಗೋ, ವಿಸ್ಕಾನ್ಸಿನ್, ಬರ್ಕ್ಲಿ, ಕೊಲಂಬಿಯಾ. ಪೆನ್‌ನಲ್ಲಿ ನಾರ್ಮನ್ ಬ್ರೌನ್ 1940ರ ದಶಕದ ಕೊನೆಗೇ ವಿಭಾಗ ಶುರು ಮಾಡಿದ್ದರು. ಆದರೆ ಹೆಸರು ನೋಡಿ ಅರ್ಜಿ ಹಾಕಬೇಡಿ. ಹೆಚ್ಚಿನ ಕಡೆ ಹಿಂದಿ, ಉರ್ದು, ಸಂಸ್ಕೃತ ಸಿಗುತ್ತದೆ, ಕೆಲವು ಕಡೆ ತಮಿಳು. ಕನ್ನಡ ಸಿಗೋದು ಬಹಳ ಕಡಿಮೆ ಜಾಗದಲ್ಲಿ. ವೆಬ್‌ಸೈಟಿನಲ್ಲಿ ಬರೆದಿದ್ದರೂ ಕಲಿಸುವವರು ಇಲ್ಲದಿರಬಹುದು. ಹಾಗಾಗಿ ವಿಭಾಗಕ್ಕೆ ನೇರವಾಗಿ ಒಂದು ಈಮೇಲ್ ಬರೆಯಲಿ: ‘ಈ ವರ್ಷ ಕನ್ನಡ ಕಲಿಸುವವರು ಯಾರು, ಎರಡನೇ ವರ್ಷದ ಪಾಠ ಇದೆಯಾ?’ ಮಗಳೇ ಬರೆಯಬೇಕು, ನೀವಲ್ಲ.

ಕನ್ನಡಕ್ಕೆ ಇನ್ನೊಂದು ದಾರಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್. 1961ರಲ್ಲಿ ಶುರುವಾದ ಸಂಸ್ಥೆ. ಅವರ ಕನ್ನಡ ತರಗತಿ ನಡೆಯೋದು ಮೈಸೂರಿನಲ್ಲಿ. ಓದೋದು ಬೇರೆ ಕಾಲೇಜಿನಲ್ಲಾದರೂ ಬೇಸಿಗೆಗೆ ಅಲ್ಲಿ ಹೋಗಬಹುದು.

ಕೆಲಸದ ಮಾತು. ಅಮೆರಿಕದಲ್ಲಿ ಮೊದಲ ದಿನವೇ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಗಟ್ಟಿ ಮಾಡಬೇಕಾಗಿಲ್ಲ. ಎರಡು ಮೇಜರ್ ಮಾಡಲಿ: ಸೌತ್ ಏಷ್ಯಾ ಒಂದು, ಸ್ಟ್ಯಾಟಿಸ್ಟಿಕ್ಸ್ ಅಥವಾ ಕಂಪ್ಯೂಟರ್ ಇನ್ನೊಂದು. ಹಳೆಯ ಅಕ್ಷರ ಓದಲು ಬಂದು, ಪ್ರೋಗ್ರಾಮೂ ಬರೆಯಲು ಬಂದರೆ ಲೈಬ್ರರಿ, ಮ್ಯೂಸಿಯಂನವರು ಹುಡುಕಿಕೊಂಡು ಬರುತ್ತಾರೆ. ಪಾಠ ಮಾಡುವ ಖಾಯಂ ಕೆಲಸ ಮಾತ್ರ ಬಹಳ ಕಡಿಮೆ, ಇದನ್ನು ಮುಚ್ಚಿಡೋದು ತಪ್ಪು. ಪಿಎಚ್‌ಡಿಗೆ ದೊಡ್ಡ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಫೀ ಬಿಟ್ಟು ಸ್ಟೈಪೆಂಡ್ ಕೊಡುತ್ತವೆ. ಎಂಎಗೆ ಹಾಗಲ್ಲ, ಕೈಯಿಂದ ಹಾಕಬೇಕು. ಸಾಲ ಮಾಡಿ ಎಂಎ ಬೇಡ.

ಅವರ ಅಪ್ಪನಿಗೆ ಇನ್ನೊಂದು ವಿಷಯ ಹೇಳಿ. ಬರಗಾಲದಲ್ಲಿ ನಮ್ಮ ಕಡೆ ತಿಂದ ಅಮೆರಿಕದ ಗೋಧಿ, ಪಿಎಲ್ 480, ಹಿರಿಯರಿಗೆಲ್ಲ ನೆನಪಿರುತ್ತದೆ. ಆ ಗೋಧಿಗೆ ಭಾರತ ಕೊಟ್ಟದ್ದು ರೂಪಾಯಿ. ಆ ರೂಪಾಯಿ ಭಾರತದಲ್ಲೇ ಉಳಿದಿತ್ತು. 1962ರಿಂದ ಅದರಿಂದಲೇ ಅಮೆರಿಕದ ಸಂಸತ್ತಿನ ಗ್ರಂಥಾಲಯ, ಲೈಬ್ರರಿ ಆಫ್ ಕಾಂಗ್ರೆಸ್, ನಮ್ಮ ಭಾಷೆಗಳ ಪುಸ್ತಕ ಕೊಂಡು ಇಲ್ಲಿನ ಯೂನಿವರ್ಸಿಟಿಗಳಿಗೆ ಹಂಚಿತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಕೆಳಗಿನ ಮಹಡಿಯ ಕಪಾಟಿನಲ್ಲಿ ಗದಗಿನಲ್ಲಿ ಅಚ್ಚಾದ ಒಂದು ಹಾಡಿನ ಪುಸ್ತಕ ಸಿಕ್ಕಿತು. ತೆಳ್ಳಗಿನ ಹಳದಿ ಕಾಗದ. ಯಾರೂ ತೆಗೆದುಕೊಂಡು ಹೋದ ಗುರುತು ಅದರ ಮೇಲೆ ಇರಲಿಲ್ಲ. ಅದನ್ನು ಓದುವವರು ಬೇಕು ಅಕ್ಕಾ.

ಜಮಖಂಡಿ ಕಾಕಾ, ಹ್ಯೂಸ್ಟನ್:
ಓದಿದೆ. ನನಗೆ ಸಿಟ್ಟು ಬಂತು, ಮುಚ್ಚಿಡೋದಿಲ್ಲ. ಬಂಡೆ ನಮ್ಮದು, ಅಕ್ಷರ ನಮ್ಮದು, ಹಾಡು ನಮ್ಮವ್ವನದು. ಅದನ್ನು ಓದೋಕೆ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾಕ್ಕೆ ಯಾಕೆ ಹೋಗಬೇಕು? ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನಾ ಸಂಸ್ಥೆ ಇದೆ. ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯ ಇದೆ. ಬೆಳಗಾವಿಯಲ್ಲೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇದೆ. ಒಬ್ಬರಾದರೂ ಅವುಗಳ ಹೆಸರು ಎತ್ತಿದಿರಾ?

ಅಮೆರಿಕ ಈ ಕೇಂದ್ರಗಳಿಗೆ ದುಡ್ಡು ಸುರಿದದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ರಷ್ಯಾ 1957ರಲ್ಲಿ ಸ್ಪುಟ್ನಿಕ್ ಹಾರಿಸಿತು, 1958ರಲ್ಲಿ ಇವರು ಕಾಯಿದೆ ಮಾಡಿದರು. ಅದರ ಹೆಸರಿನಲ್ಲೇ ‘ರಾಷ್ಟ್ರ ರಕ್ಷಣೆ’ ಇದೆ. ನಮ್ಮ ಭಾಷೆ ಅವರಿಗೆ ಬೇಕಾದದ್ದು ನಮ್ಮನ್ನು ತಿಳಿದುಕೊಂಡು ಆಳೋಕೆ. ಬೇಕಾದಾಗ ಕೊಟ್ಟರು, ಬೇಡವಾದಾಗ ನಿಲ್ಲಿಸುತ್ತಾರೆ. ಆ ‘ಸೌತ್ ಏಷ್ಯಾ’ ಅನ್ನೋ ಹೆಸರೂ ಅವರು ಇಟ್ಟದ್ದೇ. ನಾನು ಮೂವತ್ತು ವರ್ಷದಿಂದ ಇಲ್ಲಿದ್ದೇನೆ, ಒಂದು ದಿನವೂ ಯಾರಿಗೂ ನಾನು ಸೌತ್ ಏಷ್ಯಾದವನು ಅಂತ ಹೇಳಿಲ್ಲ. ಜಮಖಂಡಿಯವನು ಅಂತಲೇ ಹೇಳಿದ್ದೇನೆ. ಹುಡುಗಿಯನ್ನು ಧಾರವಾಡಕ್ಕೆ ಕಳಿಸಿ. ಅವಳ ಬೇರು ಅಲ್ಲಿದೆ.

ಹುಕ್ಕೇರಿ, ಫೀನಿಕ್ಸ್:
ನೂರಕ್ಕೆ ನೂರು ಸರಿ ಕಾಕಾ.

ರಬಕವಿ, ಸಿಯಾಟಲ್:
ಸರಿಯಾಗಿ ಹೇಳಿದಿರಿ. ಮನೆಯಲ್ಲಿ ಕನ್ನಡ ಮಾತಾಡಿ ಸಾಕು, ಯೂನಿವರ್ಸಿಟಿ ಏನೂ ಬೇಡ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಇಂಗ್ಲಿಷ್ ಬಂದ್.

ಬೆಳಗಾವಿ ಟಿಳಕವಾಡಿ, ಚಿಕಾಗೋ:
ಹಾಗಾದರೆ ರಾಮಾನುಜನ್ ಮಾಡಿದ್ದು ತಪ್ಪಾ ಕಾಕಾ?

ಜಮಖಂಡಿ ಕಾಕಾ, ಹ್ಯೂಸ್ಟನ್:
ತಪ್ಪು ಅಂದೆನಾ? ಅವರು ನಮ್ಮ ನಾಡಿನಿಂದ ಕಲಿತು ಅಮೆರಿಕಕ್ಕೆ ಕೊಟ್ಟವರು. ನೀವೀಗ ಅಮೆರಿಕದಿಂದ ತರೋಕೆ ಹೊರಟಿದ್ದೀರಿ.

ಮುಧೋಳ, ಮ್ಯೂನಿಕ್:
ಕಾಕಾ, ಒಂದು ಮಾತು. ನಾವೆಲ್ಲ ಪದದ ಅರ್ಥಕ್ಕೆ ತಿರುವಿ ಹಾಕುವ ನಿಘಂಟು ಕಿಟ್ಟೆಲ್ ಅವರದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅವರು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಇಲ್ಲಿನ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಝೈಡನ್‌ಬಾಸ್ ಅವರು ಕನ್ನಡ ಕಲಿಸಿದರು, ಕನ್ನಡದಲ್ಲೇ ಬರೆದರು ಕೂಡ. ಹೈಡೆಲ್‌ಬರ್ಗ್‌ನಲ್ಲಿ 1962ರಿಂದ ಸೌತ್ ಏಷ್ಯಾ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿದ್ದ ಸೊಂಥೈಮರ್ ನಮ್ಮ ಮೈಲಾರಲಿಂಗನ, ಖಂಡೋಬನ ಜಾತ್ರೆಗಳಲ್ಲಿ ಕುರುಬರ ಜೊತೆ, ಧನಗರರ ಜೊತೆ ವರ್ಷಗಟ್ಟಲೆ ತಿರುಗಿದವರು. ಇವರೆಲ್ಲ ಆಳೋಕೆ ಬಂದವರಾ?

ಅಕ್ಕಾ, ಖರ್ಚಿನ ವಿಷಯ: ಹೈಡೆಲ್‌ಬರ್ಗ್ ಇರುವ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಫೀ. ಅಮೆರಿಕಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೆ ಬಿಎ ಮಟ್ಟದಲ್ಲಿ ಜರ್ಮನ್ ಬೇಕಾಗುತ್ತದೆ.

ಅಥಣಿ ಅಕ್ಕ, ಲಂಡನ್:
ಇಲ್ಲಿ ಸೋಆಸ್ ಇದೆ, ಏಷ್ಯಾ ಆಫ್ರಿಕಾಗಳ ಓದಿಗೆ ಇರುವ ಲಂಡನ್ ವಿಶ್ವವಿದ್ಯಾಲಯದ ಕಾಲೇಜು. ಶುರುವಾದದ್ದು 1916. ನಮ್ಮ ಕೆಎಲ್‌ಇ ಸಂಸ್ಥೆ ಬೆಳಗಾವಿಯಲ್ಲಿ ಶುರುವಾದದ್ದೂ ಅದೇ ವರ್ಷ. ಲಂಡನ್ನಿನದನ್ನು ಆಫೀಸರುಗಳನ್ನು ತಯಾರು ಮಾಡೋಕೆ ದೊರೆಗಳು ಕಟ್ಟಿದರು, ಬೆಳಗಾವಿಯದನ್ನು ನಮ್ಮ ಮಕ್ಕಳು ಓದಲಿ ಅಂತ ಮಾಸ್ತರರು ಸೇರಿ ಕಟ್ಟಿದರು. ಅದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಲಂಡನ್ನಿನಲ್ಲಿ ಅರ್ಜಿ ಹಾಕುವಾಗಲೇ ವಿಷಯ ಆರಿಸಬೇಕು, ಅಮೆರಿಕದ ಹಾಗೆ ಆಮೇಲೆ ನೋಡೋಣ ಅನ್ನೋಕೆ ಆಗೋದಿಲ್ಲ.

ಸಿಂದಗಿ, ಸಿಡ್ನಿ:
ನಾನು ಉತ್ತರ ಕೊಡೋಕೆ ಬಂದವಳಲ್ಲ. ಜೋಳ ಹಸನು ಮಾಡುವ ಅವ್ವ ಅಂತ ಓದಿ ಕಣ್ಣು ತುಂಬಿತು. ನಮ್ಮವ್ವನಿಗೆ ನಾಲ್ಕು ನೂರು ಪದ ಬರುತ್ತಿತ್ತು ಅಂತ ಓಣಿಯವರು ಹೇಳುತ್ತಿದ್ದರು. ನಾನು ಕೂತು ಕೇಳಿದ್ದು ಹತ್ತು ಇರಬಹುದು. ಊರಿಗೆ ಹೋದಾಗಲೆಲ್ಲ ಬ್ಯಾಂಕ್, ಆಧಾರ್, ಮದುವೆ. ‘ಅವ್ವಾ, ಮುಂದಿನ ಸಲ ಎಲ್ಲಾ ರೆಕಾರ್ಡ್ ಮಾಡೋಣ’ ಅನ್ನುತ್ತಿದ್ದೆ. ಹೋದ ವರ್ಷ ಹೋದಳು. ನನ್ನ ಮಗನಿಗೆ ಅಜ್ಜಿಯ ದನಿ ಅಂದರೆ ವಾಟ್ಸಾಪ್‌ನ ‘ಊಟ ಆತೇನಪಾ’ ಒಂದೇ.

ನಿವೃತ್ತ ಮಾಸ್ತರ, ವಿಜಯಪುರ:
ನನ್ನ ಮಗ ಅಲ್ಲಿರುವುದರಿಂದ ನನ್ನನ್ನೂ ಈ ಗುಂಪಿಗೆ ಸೇರಿಸಿದ್ದಾನೆ. ಎಲ್ಲಾ ಓದಿದೆ. ಜಮಖಂಡಿಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮೂರ ಆಸಾರ ಮಹಲಿನ ಹಸ್ತಪ್ರತಿಗಳು 1850ರ ದಶಕದಲ್ಲೇ ಲಂಡನ್ನಿಗೆ ಹೋದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಾನು ಆ ಮಹಲಿನ ಮುಂದೆ ನಲವತ್ತು ವರ್ಷ ಸೈಕಲ್ ಮೇಲೆ ಹಾದುಹೋಗಿದ್ದೇನೆ, ಒಂದು ಹಾಳೆಯನ್ನೂ ನೋಡಿಲ್ಲ.

ಆದರೆ ಅರಿಜೋನಾ ವಿಶ್ವವಿದ್ಯಾಲಯದ ರಿಚರ್ಡ್ ಈಟನ್ ನಮ್ಮ ಬಿಜಾಪುರದ ಸೂಫಿಗಳ ಮೇಲೆ 1978ರಲ್ಲಿ ಪುಸ್ತಕ ತಂದರು. ಅದರಲ್ಲಿ ಚಕ್ಕಿನಾಮಾದ ಮಾತಿದೆ. ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಹಳೆಯ ಉರ್ದುವಿನಲ್ಲಿ, ಹೆಂಗಸರು ಬೀಸುವಾಗ ಹಾಡುತ್ತಿದ್ದ ಹಾಡು. ಒಂದೇ ಊರಲ್ಲಿ ಒಬ್ಬಾಕೆ ಕನ್ನಡದಲ್ಲಿ ಹಾಡಿ ಬೀಸಿದಳು, ಪಕ್ಕದ ಮನೆಯಾಕೆ ದಖನಿಯಲ್ಲಿ. ಎರಡನ್ನೂ ಜೊತೆಗಿಟ್ಟು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಇದಕ್ಕೆ ಕನ್ನಡವೂ ಬೇಕು, ಫಾರ್ಸಿ, ಉರ್ದುವೂ ಬೇಕು. ಅಂಥ ಕಲಿಕೆ ಒಂದೇ ಚಾವಣಿಯ ಕೆಳಗೆ ಸಿಗುವುದಾದರೆ ಹುಡುಗಿ ಹೋಗಲಿ.

ಇನ್ನೊಂದು ಮಾತು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು 1930ರ ಸುಮಾರಿಗೆ ಇದೇ ಬೀಸುವ ಕುಟ್ಟುವ ಹಾಡುಗಳನ್ನು ಮನೆ ಮನೆಗೆ ಹೋಗಿ ಕೂಡಿಸಿದರು. ಅವರ ಬೆನ್ನಿಗೆ ಯಾವ ಯೂನಿವರ್ಸಿಟಿಯೂ ಇರಲಿಲ್ಲ. ಹುಡುಗಿ ಎಲ್ಲೇ ಓದಲಿ, ಹಲಸಂಗಿಗೆ ಒಮ್ಮೆ ಬರಲಿ. ನಾನೇ ಕರೆದುಕೊಂಡು ಹೋಗುತ್ತೇನೆ.

ಜಮಖಂಡಿ ಕಾಕಾ, ಹ್ಯೂಸ್ಟನ್:
ಮಾಸ್ತರರೇ, ನಿಮಗೆ ಎದುರು ಮಾತಾಡೋದಿಲ್ಲ. ಆದರೆ ಲಂಡನ್ನಿನ ಹಸ್ತಪ್ರತಿ ವಾಪಸ್ ಬರಬೇಕು. ಅದರ ಬಗ್ಗೆ ಈ ಗುಂಪಿನಿಂದ ಒಂದು ಪತ್ರ ಬರೆಯೋಣ. ಯಾರು ಸಹಿ ಹಾಕ್ತೀರಿ?

ಹುಕ್ಕೇರಿ, ಫೀನಿಕ್ಸ್:
ನನ್ನದು ಹಾಕಿ.

ರಬಕವಿ, ಸಿಯಾಟಲ್:
ನನ್ನದೂ.

ಅಥಣಿ ಅಕ್ಕ, ಲಂಡನ್:
ಪತ್ರ ಆಮೇಲೆ. ಮೊದಲು ಹೋಗಿ ನೋಡಿ ಬರೋಣ, ಓದುಗರ ಕಾರ್ಡ್ ಮಾಡಿಸಿದರೆ ಒಳಗೆ ಬಿಡುತ್ತಾರೆ.

ಗೋಕಾಕದವ, ಡಲ್ಲಾಸ್:
ನಾನೂ ಸಹಿ ಹಾಕುತ್ತೇನೆ. ಆದರೂ ತಂಗೀ, ಕಂಪ್ಯೂಟರ್ ಸೈನ್ಸ್ ಬಿಡಬೇಡ.

ಇಳಕಲ್ ಮಗಳು, ನ್ಯೂಜೆರ್ಸಿ:
ಎಲ್ಲರಿಗೂ ಧನ್ಯವಾದ. ಬೈಲಹೊಂಗಲದ ಅಣ್ಣ ಹೇಳಿದ್ದನ್ನು ಅವರ ಅಪ್ಪನಿಗೆ ಓದಿ ಹೇಳಿದೆ. ಎರಡು ಮೇಜರ್ ಅಂದಾಗ ಸ್ವಲ್ಪ ಸಮಾಧಾನ ಆದರು. ಈಮೇಲ್ ಅವಳೇ ಬರೆದಿದ್ದಾಳೆ, ನಾಲ್ಕು ಕಡೆ.

ಸಿಂದಗಿ ಅಕ್ಕಾ, ನಿಮ್ಮ ಮಾತು ಓದಿದ ಮೇಲೆ ನಾನು ಸುಮ್ನೆ ಕೂರಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆದು ಪಡಸಾಲೆಗೆ ತಂದೆವು. ಗೂಟ ಸಡಿಲಾಗಿತ್ತು, ಅಪ್ಪಾಜಿ ಬಟ್ಟೆ ಸುತ್ತಿ ಬಿಗಿ ಮಾಡಿದರು. ಅವ್ವ ಹಾಗೇ ಕೂತು ಹಾಡು ಅಂದರೆ ಬಾಯಿ ಬಿಡಲಿಲ್ಲ. ಕಲ್ಲು ತಿರುಗಿದ ಮೇಲೆ ತಾನಾಗಿ ಬಂತು. ಮಗಳು ಮೊಬೈಲ್ ಹತ್ತಿರ ಹಿಡಿದು ಒಂಬತ್ತು ಪದ ರೆಕಾರ್ಡ್ ಮಾಡಿದಳು. ಕೇಳಿದರೆ ಕಲ್ಲಿನ ಸಪ್ಪಳವೇ ಜಾಸ್ತಿ. ಅದನ್ನು ತೆಗೆಯುವ ಆಪ್ ಯಾವುದಾದರೂ ಇದೆಯಾ?

ಬೈಲಹೊಂಗಲ, ಮ್ಯಾಡಿಸನ್:
ಸಪ್ಪಳ ತೆಗೆಯಬೇಡಿ ಅಕ್ಕಾ, ಹಾಡಿನ ತಾಳ ಇರೋದು ಅದರಲ್ಲೇ. ಮೊದಲು ಒಂದು ಕೆಲಸ ಮಾಡಿ. ಅವ್ವನ ಹೆಸರು, ವಯಸ್ಸು, ಅವರ ತವರೂರು, ಆ ಪದ ಯಾರಿಂದ ಕಲಿತರು, ಇವತ್ತಿನ ತಾರೀಖು, ಇಷ್ಟನ್ನು ಮಗಳ ದನಿಯಲ್ಲೇ ಆ ರೆಕಾರ್ಡಿಂಗಿನ ಶುರುವಿಗೆ ಸೇರಿಸಿ. ನಮ್ಮ ಲೈಬ್ರರಿಯಲ್ಲಿ ಹಾಡಿದವರ ಹೆಸರಿಲ್ಲದ ಕ್ಯಾಸೆಟ್ಟುಗಳು ಎರಡು ಪೆಟ್ಟಿಗೆ ಇವೆ.