ಕ್ಲಿಪ್‌ಬೋರ್ಡ್ ಐದಿದ್ದರೆ ಏನನ್ನೋದು?

ಎಲ್ಲರಿಗೂ ನಮಸ್ಕಾರ.

ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುವ ಸಣ್ಣ ಗುಂಪು ನಮ್ಮದು. ಜಯನಗರದಲ್ಲಿ ಒಬ್ಬರ ಮನೆಯ ಕೋಣೆಯೇ ಸ್ಟುಡಿಯೋ. ಹೊಸಬರಿಗೆ ಎಡಿಟಿಂಗ್ ಹೇಳಿಕೊಡಲು ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ.

ನಾವು ಬಳಸುವುದು ಅಡೋಬಿ ಆಡಿಷನ್ ಎಂಬ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್. ಅದರಲ್ಲಿ ಕ್ಲಿಪ್‌ಬೋರ್ಡ್, ಅಂದರೆ ಕಾಪಿ ಮಾಡಿದ್ದನ್ನು ಪೇಸ್ಟ್ ಮಾಡಲು ಹಿಡಿದಿಟ್ಟುಕೊಳ್ಳುವ ಜಾಗ, ಒಂದಲ್ಲ, ಐದು. ಕಂಪ್ಯೂಟರಿನದ್ದು ಬೇರೆ. ಎಡಿಟ್ ಮೆನುವಿನಲ್ಲಿ ಒಂದನ್ನು ಆರಿಸಿಕೊಂಡರೆ ಮುಂದೆ ಕಾಪಿ ಮಾಡಿದ್ದು ಅಲ್ಲಿಗೇ ಹೋಗುತ್ತದೆ, ಪೇಸ್ಟ್ ಕೂಡ ಅಲ್ಲಿಂದಲೇ. ಒಂದನೆಯದರಲ್ಲಿ ನಾನು ಖಾಲಿ ಕೋಣೆಯ ಸದ್ದು ಇಟ್ಟಿರುತ್ತೇನೆ. ಯಾರೂ ಮಾತಾಡದಿದ್ದರೂ ಕೋಣೆಗೆ ತನ್ನದೇ ಒಂದು ಗುಂಯ್ ಇರುತ್ತದೆ ಅಲ್ವಾ, ಅದು. ಓದುವವರು ನಡುವೆ ಕೆಮ್ಮಿದ ಕಡೆ ಅದನ್ನು ಹಾಕಿದರೆ ಕೆಮ್ಮಿದ್ದು ಗೊತ್ತೇ ಆಗುವುದಿಲ್ಲ. ಪೂರ್ತಿ ನಿಶ್ಶಬ್ದ ಹಾಕಿದರೆ ಓದುವವರು ಎದ್ದು ಹೋದರೇನೋ ಅನಿಸುತ್ತದೆ. ಎರಡನೆಯದರಲ್ಲಿ ಶುರುವಿನ ಸಂಗೀತ, ಮೂರನೆಯದರಲ್ಲಿ ‘ಪಾಠ ಮುಗಿಯಿತು’.

ಮೊದಲು ಕ್ಲಿಪ್‌ಬೋರ್ಡ್ ಅಂತಲೇ ಬರೆದಿದ್ದೆ. ಓದಿದ ಹಿರಿಯರೊಬ್ಬರು ‘ಪರೀಕ್ಷೆಗೆ ಒಯ್ಯುವ ರಟ್ಟೇನಮ್ಮಾ?’ ಎಂದರು. ‘ನಕಲು ಫಲಕ’ ನನಗೇ ಬೇಡ. ನಕಲು ಅಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯೋದೇ ಮೊದಲು ನೆನಪಾಗುತ್ತದೆ.

ಆಮೇಲೆ ಅಜ್ಜಿಯ ಎಲೆಯಡಿಕೆ ಸಂಚಿ ನೆನಪಾಯಿತು. ಒಂದೊಂದು ಜೇಬಿನಲ್ಲಿ ಒಂದೊಂದು ಸಾಮಾನು, ಕತ್ತಲಲ್ಲೂ ಕೈ ಸರಿಯಾದ ಕಡೆಗೇ ಹೋಗುತ್ತಿತ್ತು. ಚೆನ್ನಾಗಿದೆ, ಆದರೆ ಹೊಂದುವುದಿಲ್ಲ. ಸಂಚಿಯಿಂದ ತೆಗೆದರೆ ಅಡಿಕೆ ಖಾಲಿಯಾಗುತ್ತದೆ. ಕ್ಲಿಪ್‌ಬೋರ್ಡಿನಿಂದ ಎಷ್ಟು ಸಲ ತೆಗೆದರೂ ಖಾಲಿಯಾಗುವುದಿಲ್ಲ. ಆ ಲೆಕ್ಕದಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚೇ ಹತ್ತಿರ, ಒಂದೇ ಅಚ್ಚಿನಲ್ಲಿ ಎಷ್ಟು ಬೇಕಾದರೂ ತೆಗೆಯಬಹುದು. ಆದರೆ ‘ಮೂರನೇ ಅಚ್ಚಿಗೆ ಕಾಪಿ ಮಾಡಿ’ ಅಂದರೆ ಯಾರಿಗೆ ಏನು ತಿಳಿಯುತ್ತದೆ?

ಸದ್ಯಕ್ಕೆ ‘ಗೂಡು’ ಅಂತ ಬರೆದಿದ್ದೇನೆ, ಹಳೇ ಮನೆಗಳ ಗೋಡೆಯಲ್ಲಿ ದೀಪ ಇಡಲು ಇರುತ್ತದಲ್ಲ, ಆ ಗೂಡು. ಕ್ರಿಯಾಪದ ಸುಲಭವಾಗಿಯೇ ಸಿಕ್ಕಿತು: ‘ಎತ್ತಿಡು’. ‘ಸಂಗೀತವನ್ನು ಎರಡನೇ ಗೂಡಿನಲ್ಲಿ ಎತ್ತಿಡಿ.’ ಯಾರೂ ಅರ್ಥ ಕೇಳಲಿಲ್ಲ.

ಎಡವಟ್ಟಾದದ್ದು ಆಮೇಲೆ. ಗೂಡಿನಲ್ಲಿ ದೀಪದ ಪಕ್ಕ ಬೆಂಕಿಪೊಟ್ಟಣವನ್ನೂ ಇಡಬಹುದು. ಇಲ್ಲಿ ಹೊಸದು ಬಂದರೆ ಹಳೆಯದು ಹೋಯಿತು. ಹೊಸ ಹುಡುಗಿಯೊಬ್ಬಳು ಒಂದನೇ ಗೂಡಿನಲ್ಲೇ ಇನ್ನೊಂದು ತುಂಡು ಎತ್ತಿಟ್ಟಳು. ಕೋಣೆಯ ಸದ್ದು ಬರಬೇಕಾದ ಕಡೆಯಲ್ಲೆಲ್ಲ ‘ಅಭ್ಯಾಸ ಪ್ರಶ್ನೆಗಳು’ ಎಂದು ನನ್ನದೇ ದನಿ ಬಂತು. ತಪ್ಪು ಅವಳದ್ದಲ್ಲ, ನನ್ನ ಪದದ್ದು.

ಒಂದು ಸಲಕ್ಕೆ ಒಂದೇ ಹಿಡಿಯುವ, ಆದರೆ ತೆಗೆದರೆ ಖಾಲಿಯಾಗದ ಜಾಗಕ್ಕೆ ನಿಮ್ಮ ಕಡೆ ಏನಾದರೂ ಮಾತಿದೆಯಾ? ಇಲ್ಲವಾದರೆ ‘ಗೂಡು’ ಇಟ್ಟುಕೊಂಡು, ಪಕ್ಕದಲ್ಲಿ ಒಂದು ಸಾಲು ಎಚ್ಚರಿಕೆ ಬರೆಯುತ್ತೇನೆ.