ಪದಚರ್ಚೆ: 'ಟಾಕ್ಸಿಕ್ ಟು ಪೆಟ್ಸ್' – ನಾಳೆಯೊಳಗೆ ಕನ್ನಡ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ನರ್ಸರಿಯೊಂದಕ್ಕೆ ಫಲಕ ಬರೆದುಕೊಡಲು ಒಪ್ಪಿದ್ದೇನೆ. ಕಣಗಿಲೆ, ಸೈಕಾಸ್, ಲಿಲ್ಲಿ ಕುಂಡಗಳ ಮುಂದೆ ನಿಲ್ಲಿಸುವಂಥದ್ದು. 'ಸಾಕುಪ್ರಾಣಿಗಳಿಗೆ ವಿಷಕಾರಿ' ಅಂತ ಬರೆದೆ, ಓದಿದರೆ ಸರ್ಕಾರಿ ಸುತ್ತೋಲೆ ಅನ್ನಿಸುತ್ತದೆ. 'ವಿಷಗಿಡ' ಆಗಬಹುದೇ? ಜೊತೆಗೊಂದು ಕರಪತ್ರವಿದೆ. ಅದರ ತಲೆಬರಹಕ್ಕೆ 'ವಿಷಪ್ರಾಶನ', ಲಿಲ್ಲಿಗೆ 'ನೈದಿಲೆ' ಹಾಕಿದ್ದೇನೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು.

---

'ವಿಷಗಿಡ' ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ ದೋಷ. ಬೇಡ. 'ನಂಜು' ಇರುವಾಗ ವಿಷದ ಹಂಗೇಕೆ? ತಮಿಳಿನಲ್ಲೂ ಅದೇ ಪದ, ನಮ್ಮ ಸ್ವಂತ ಬೇರಿನದು. ನಂಜನ್ನು ಉಂಡವನು ನಂಜುಂಡ, ಅವನ ಊರು ನಂಜನಗೂಡು. 'ನಂಜುಗಿಡ' ಎಂದು ಬರೆಯಿರಿ.

---

ಸಾರ್, ನಿಮ್ಮ ನಂಜು ಈ ಫಲಕಕ್ಕೆ ಸಾಲದು. ನಮ್ಮ ಮನೆಯಲ್ಲಿ ಬದನೆಕಾಯಿ ನಂಜು, ಗಾಯ ಕೀತುಕೊಂಡರೂ ನಂಜು. 'ನಂಜುಗಿಡ' ಅಂತ ಓದಿದವರು ಮುಟ್ಟಿದರೆ ಮೈ ತುರಿಸುತ್ತದೇನೋ ಅಂದುಕೊಂಡು ಕುಂಡ ಎತ್ತಿಕೊಂಡು ಹೋಗುತ್ತಾರೆ. ಕಣಗಿಲೆ ನಿಲ್ಲಿಸುವುದು ಹೃದಯವನ್ನು. ಅರಿಸಮಾಸ ಅಂತೀರಲ್ಲ, 'ಸಾಕುಪ್ರಾಣಿ' ಮತ್ತೇನು?

'ವಿಷಪ್ರಾಶನ' ತೆಗೆದುಬಿಡಿ. ಪ್ರಾಶನ ಅಂದರೆ ಉಣಿಸುವುದು, ಅನ್ನಪ್ರಾಶನದಲ್ಲಿರುವಂತೆ. ಬೀದಿನಾಯಿಗಳಿಗೆ ಯಾರೋ ವಿಷವಿಟ್ಟಾಗ ಪತ್ರಿಕೆಗಳು ಬರೆಯುವ ಪದ ಅದು. ಇಲ್ಲಿ ಯಾರೂ ಇಟ್ಟಿಲ್ಲ, ಪ್ರಾಣಿಯೇ ಹೋಗಿ ತಿಂದಿದೆ. 'ನೈದಿಲೆ'ಯಂತೂ ಖಂಡಿತ ಬೇಡ, ಅದು ಕೆರೆಯ ಹೂ. ಬೆಕ್ಕಿನ ಮೂತ್ರಪಿಂಡ ಕೆಡಿಸುವುದು ಹೂಗುಚ್ಛಕ್ಕೆ ಮಾರುವ ಲಿಲ್ಲಿ. ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಹೂದಾನಿಯ ನೀರು ಕುಡಿದರೂ ಸಾಕು. ಅಂಗಡಿಯವರು ಲಿಲ್ಲಿ ಅಂತಲೇ ಮಾರುತ್ತಾರೆ, ಫಲಕದಲ್ಲೂ ಲಿಲ್ಲಿ ಅಂತಲೇ ಇರಲಿ.

---

'ಸಾಕುಪ್ರಾಣಿ' ಗಮಕಸಮಾಸ, ಅದರಲ್ಲಿ ಈ ಬೆರಕೆಗೆ ವ್ಯಾಕರಣದ ಒಪ್ಪಿಗೆಯಿದೆ. ದೋಷವಿಲ್ಲ. ನೋಡಿ ಮಾತಾಡಿ.

ಜನರ ಬಾಯಲ್ಲಿ ನಂಜು ಮೊಂಡಾಗಿದ್ದರೆ ಬಳಸಿ ಬಳಸಿ ಮತ್ತೆ ಹರಿತ ಮಾಡಬೇಕು. ಲಿಲ್ಲಿ, ಸೈಕಾಸ್, ಪೆಟ್ ಅಂತ ಒಂದೊಂದಾಗಿ ಒಳಗೆ ಬಿಟ್ಟುಕೊಂಡರೆ ಕೊನೆಗೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

---

ಹರಿತ ಮಾಡುವಷ್ಟು ಹೊತ್ತು ನಾಯಿಗೆ ಇರುವುದಿಲ್ಲ.

ಹೋದ ವರ್ಷ ಗುಲಾಬಿ ಕುಂಡಗಳಿಗೆ ಹರಳು ಹಿಂಡಿ ಹಾಕಿದ್ದೆ. ಚೀಲದ ಮೇಲೆ ದೊಡ್ಡಕ್ಷರದಲ್ಲಿ 'ಸಾವಯವ' ಅಂತಿತ್ತು. ಆ ಪದ ನೋಡಿಯೇ ಧೈರ್ಯವಾಗಿ ಹಾಕಿದೆ. ಹರಳುಬೀಜದಲ್ಲಿರುವ ರಿಸಿನ್ ಎಂಬ ವಿಷ ಎಣ್ಣೆಯ ಜೊತೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ವಾಸನೆಗೆ ನಮ್ಮ ನಾಯಿ ಮೂರು ಕುಂಡ ಕೆದರಿ ತಿಂದಿತ್ತು. ರಾತ್ರಿಯೆಲ್ಲ ವಾಂತಿ, ಬೆಳಿಗ್ಗೆ ರಕ್ತಭೇದಿ, ಮೂರನೇ ದಿನ ಹೋಯಿತು. 'ಸಾವಯವ'ದಲ್ಲಿ ವ್ಯಾಕರಣದೋಷ ಒಂದೂ ಇರಲಿಲ್ಲ. ಅದರ ಕೆಳಗೆ 'ನಾಯಿ ತಿಂದರೆ ಸಾಯುತ್ತದೆ' ಅನ್ನುವ ಮೂರು ಪದ ಬೇಕಿತ್ತು.

ಆದ್ದರಿಂದ 'ಪೆಟ್ಸ್'ಗೆ ಸಮಾನಪದ ಹುಡುಕಬೇಡಿ, ಯಾವ ಪ್ರಾಣಿ ಅಂತ ಹೆಸರು ಹಿಡಿದು ಹೇಳಿ. ದ್ರಾಕ್ಷಿ ನಮಗೆ ಹಣ್ಣು, ನಾಯಿಗೆ ವಿಷ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. 'ವಿಷಕಾರಿ ಪದಾರ್ಥಗಳು' ಅಂದರೆ ಜನರಿಗೆ ಕಾಣುವುದು ಫಿನಾಯಿಲ್, ನುಸಿಗುಳಿಗೆ, ಇಲಿಪಾಷಾಣ ಅಷ್ಟೇ. ಈರುಳ್ಳಿ, ಚಾಕೊಲೇಟ್ ನೆನಪಿಗೇ ಬರುವುದಿಲ್ಲ. ನಾಯಿಗೆ ವಿಷವಾಗುವ, ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಸಿಹಿಕಾರಕ ಕ್ಸೈಲಿಟಾಲ್‌ಗೂ ದಯವಿಟ್ಟು ಯಾರೂ ಕನ್ನಡ ಪದ ಕಟ್ಟಬೇಡಿ. ಪೊಟ್ಟಣದ ಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಜನ ಹುಡುಕಬೇಕು.

---

ಎಲ್ಲರಿಗೂ ಧನ್ಯವಾದ. ನಿಮ್ಮ ನಾಯಿಯ ವಿಷಯ ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ಹರಳು ಹಿಂಡಿ ಚೀಲಗಳ ಹತ್ತಿರವೂ ಒಂದು ಫಲಕ ಇಡಿಸುತ್ತೇನೆ. ಅಂತಿಮ ರೂಪ ಹೀಗಿದೆ:

ಲಿಲ್ಲಿ: ಬೆಕ್ಕಿಗೆ ವಿಷ. ಎಲೆ, ಹೂ, ಪರಾಗ, ಹೂದಾನಿಯ ನೀರು ಎಲ್ಲವೂ.
ಸೈಕಾಸ್: ನಾಯಿಗೆ ವಿಷ. ಬೀಜ ತಿಂದರೆ ಪಿತ್ತಜನಕಾಂಗ ಕೆಡುತ್ತದೆ.
ಕಣಗಿಲೆ: ನಾಯಿ, ಬೆಕ್ಕು, ದನ, ಮನುಷ್ಯ, ಎಲ್ಲರಿಗೂ ವಿಷ.
ಹರಳು ಹಿಂಡಿ: ನಾಯಿ ತಿಂದರೆ ಸಾಯುತ್ತದೆ.
ತಿಂದದ್ದು ಗೊತ್ತಾದ ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಿರಿ.

---

'ತಕ್ಷಣ' ಬೇಡ, 'ಕೂಡಲೇ' ಎನ್ನಿ. ಉಳಿದದ್ದು ಹಾಗೆಯೇ ಇರಲಿ, ವಿಷವೂ ಸೇರಿ.